ನಂಬರು ಇಳಿಸಲು ಬಂದವರು

ಚಷ್ಮಾದ ಕೆಲಸಕ್ಕೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಕನ್ನಡಿ ಹೇಗೆ ಹಿಡಿಯಬೇಕು, ಮಕ್ಕಳು ಕಣ್ಣು ನಿಲ್ಲಿಸದೆ ಅತ್ತಿತ್ತ ಹೊರಳಿಸಿದರೆ ಏನು ಮಾಡಬೇಕು, ಓರೆ ದೃಷ್ಟಿಯ ಗಾಜನ್ನು ಯಾವ ಕೋನಕ್ಕೆ ನಿಲ್ಲಿಸಬೇಕು ಎಂದು ಕೇಳುತ್ತಾರೆ. ಅವೆಲ್ಲ ಕೈ ಪಳಗಿದಂತೆ ಬರುವ ವಿದ್ಯೆ. ಎಷ್ಟು ವರ್ಷವಾದರೂ ಬಾರದ್ದು ಬೇರೆ ಇದೆ. ಪರೀಕ್ಷೆ ಮುಗಿದು, ಗಾಜು ಗೊತ್ತಾಗಿ, ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತು ಕೇಳುತ್ತಾರೆ: "ರಾಯರ, ಈ ನಂಬರ್ ಇಳಿತದೇನ್ರಿ?" ಆ ಪ್ರಶ್ನೆಗೆ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಕಮಲಾಪುರದ ಒಬ್ಬ ಮಾಸ್ತರರ ಜೊತೆ ಓಡಾಡಿ ಒಂದಿಷ್ಟು ಕಲಿತೆ. ಅದನ್ನು ಬರೆದಿಟ್ಟರೆ ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು.

ನಾನು ಕೆಲಸಕ್ಕೆ ಸೇರಿದ್ದು ನಿಜಾಮರ ಆಳ್ವಿಕೆಯಲ್ಲಿ, ಕಲಬುರಗಿಯ ದವಾಖಾನೆಯಲ್ಲಿ. ನಮ್ಮ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಮೂರೂ ಬರುತ್ತಿದ್ದವು ಎಂಬ ಕಾರಣಕ್ಕೇ ನನ್ನನ್ನು ಕಣ್ಣಿನ ಕೋಣೆಗೆ ಹಾಕಿದರು. ಕೆಲವು ತಿಂಗಳು ಹೈದರಾಬಾದಿಗೆ ಕಳಿಸಿ ಗಾಜು ಹಚ್ಚುವುದನ್ನು ಕಲಿಸಿದರು. ವಾಪಸು ಬಂದ ಮೇಲೆ ಜನ ನನ್ನ ಹೆಸರು ಮರೆತು ಚಷ್ಮಾದ ರಾಯರು ಎಂದು ಕರೆಯತೊಡಗಿದರು.

ಉದ್ದನೆಯ ಕತ್ತಲೆ ಕೋಣೆ, ಒಂದು ತುದಿಗೆ ಕುರ್ಚಿ, ಇನ್ನೊಂದು ತುದಿಗೆ ಗೋಡೆಯ ಮೇಲೆ ದೀಪದ ಬೆಳಕಿನಲ್ಲಿ ಅಕ್ಷರದ ಹಲಗೆ. ರೋಗಿಯ ತಲೆಯ ಹಿಂದೆ ಲಾಟೀನು. ನಡುವೆ ತೂತಿರುವ ಪುಟ್ಟ ಕನ್ನಡಿಯಿಂದ ಆ ಬೆಳಕನ್ನು ಕಣ್ಣಿನೊಳಗೆ ಹಾಯಿಸಿ, ಒಳಗೆ ನೆರಳು ಯಾವ ಕಡೆ ಸರಿಯುತ್ತದೆ ಎಂದು ನೋಡಿ ಗಾಜು ಆರಿಸಬೇಕು. ಆಮೇಲೆ ಹಲಗೆ ಓದಿಸಬೇಕು. ಹಲಗೆಯ ಮೇಲಿದ್ದದ್ದು ಉರ್ದು ಅಕ್ಷರ.

ಸೇರಿದ ಹೊಸತರಲ್ಲಿ ಬಟ್ಟೆ ಮಾರುವ ಒಬ್ಬ ಮುದುಕಿ ಬಂದಳು. ಯಾವ ಗಾಜು ಹಾಕಿದರೂ "ಏನೂ ತಿಳಿವಲ್ದಪ್ಪ" ಎಂದಳು. ಕಣ್ಣೇ ಹೋಗಿದೆ ಎಂದು ಡಾಕ್ಟರ್ ಸಾಹೇಬರಿಗೆ ಹೇಳಿದೆ. ಅವರು ಬಂದು ಮುದುಕಿಯ ಎದುರು ದೂರದಲ್ಲಿ ನಿಂತು ಬೆರಳು ತೋರಿಸಿದರು. ಅವಳು ಎರಡು, ನಾಲ್ಕು, ಮೂರು ಎಂದು ಸರಿಯಾಗಿ ಎಣಿಸಿದಳು. ಸಾಹೇಬರು ನನ್ನ ಕಡೆ ತಿರುಗಿ, "ರಾವ್ ಸಾಹೇಬ್, ಇಲ್ಲಿ ಕಣ್ಣು ನೋಡೋದು. ಓದಿನ ಇಮ್ತಿಹಾನ್, ಪರೀಕ್ಷೆ ತಗೊಳ್ಳೋದಲ್ಲ" ಎಂದರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಷ್ಟೇ. ಆಮೇಲೆ ನಾನು ಮೂರು ಹಲ್ಲಿನ ಪಂಜದಂಥ ಗುರುತುಗಳನ್ನು ಸಣ್ಣದು ದೊಡ್ಡದು ಬರೆದು ಇನ್ನೊಂದು ಹಲಗೆ ಮಾಡಿಕೊಂಡೆ. ಹಲ್ಲು ಯಾವ ಕಡೆ ಇವೆ ಎಂದು ಕೈಯಿಂದ ತೋರಿಸಿದರೆ ಸಾಕು.

ಈ ಸಾಹೇಬರ ಕೈಕೆಳಗೆ ನಾನು ಬಹಳ ವರ್ಷ ಇದ್ದೆ. ಹೈದರಾಬಾದಿನವರು, ಎತ್ತರದ ಆಳು, ಮಾತು ಕಡಿಮೆ. ಉರ್ದುವಿನಲ್ಲಿ ಕನ್ನಡ ಬೆರೆಸಿ ಆಡುತ್ತಿದ್ದರು. ನಾನು ಕಂಡ ದೊಡ್ಡವರಲ್ಲಿ ರೋಗಿಯ ಎದುರಿಗೇ "ಮಾಲೂಮ್ ನೈ", ನನಗೆ ಗೊತ್ತಿಲ್ಲ ಎಂದು ಹೇಳುತ್ತಿದ್ದವರು ಅವರೊಬ್ಬರೇ. ಕೆಲವರಿಗೆ ಅದು ಸೇರುತ್ತಿರಲಿಲ್ಲ. ಗೊತ್ತಿಲ್ಲದವರ ಹತ್ತಿರ ಯಾಕೆ ಬರಬೇಕು ಎಂದು ಎದ್ದು ಹೋದವರೂ ಇದ್ದಾರೆ.

ಚನ್ನಬಸಪ್ಪ ಮಾಸ್ತರರು ಹಾಗೆ ಎದ್ದು ಹೋಗಲಿಲ್ಲ. ಅವರು ಕಮಲಾಪುರದ ಒಕ್ಕಲು ಮನೆತನದವರು. ಹೊಲ ಮತ್ತು ಬಾಳೆಯ ತೋಟವನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಇವರು ಊರಲ್ಲಿ ಕನ್ನಡ ಸಾಲಿ ನಡೆಸುತ್ತಿದ್ದರು. ದೂರದ್ದು ಮಸುಕಾಗಿ, ಹತ್ತಿರದ್ದು ಮಾತ್ರ ಕಾಣುವ ಕಣ್ಣು ಅವರದು. ಚಿಕ್ಕಂದಿನಿಂದ ಅದು ಏರುತ್ತಲೇ ಬಂದಿತ್ತು. ವರ್ಷಕ್ಕೊಮ್ಮೆ ಗಾಜು ಬದಲಿಸಲು ನಮ್ಮಲ್ಲಿಗೆ ಬರುತ್ತಿದ್ದರು. ಚಷ್ಮಾದ ಗಾಜು ಅಂಚಿನಲ್ಲಿ ಕಿರುಬೆರಳಿನಷ್ಟು ದಪ್ಪ. ಅದನ್ನು ತೆಗೆದರೆ ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದರು.

ಒಂದು ಬೇಸಿಗೆಯ ಮೊದಲಲ್ಲಿ ಅವರು ಎತ್ತಿನ ಬಂಡಿ ಕಟ್ಟಿಸಿಕೊಂಡು ಹೆಂಡತಿ ಗೌರಮ್ಮ, ಒಬ್ಬಳೇ ಮಗಳು ನೀಲವ್ವ, ಇಬ್ಬರನ್ನೂ ಕರೆದುಕೊಂಡು ಕಲಬುರಗಿಗೆ ಬಂದರು. ಶರಣಬಸವೇಶ್ವರ ಗುಡಿಯ ಹತ್ತಿರ ನೆಂಟರ ಮನೆಯಲ್ಲಿ ಇಳಿದುಕೊಂಡು ಮರುದಿನ ಬೆಳಿಗ್ಗೆ ನಮ್ಮಲ್ಲಿಗೆ ಬಂದರು. ನೀಲವ್ವನಿಗೆ ಒಂಬತ್ತು ವರ್ಷವಿದ್ದೀತು. ಅಪ್ಪನ ಸಾಲಿಯಲ್ಲೇ ಓದುತ್ತಿದ್ದಳು. ಕೆಲವು ದಿನಗಳ ಹಿಂದೆ ಹೊಲದ ದಾರಿಯಲ್ಲಿ ಬರುತ್ತಿದ್ದ ಯಾರೋ ಅಪರಿಚಿತನನ್ನು ಕಂಡು ಕಾಕಾ ಎಂದು ಕೂಗುತ್ತ ಓಡಿ ಹೋಗಿ ಅವನ ಕೈ ಹಿಡಿದಿದ್ದಳಂತೆ.

ನಾನು ಕನ್ನಡಿ ಹಿಡಿದು ನೋಡಿದೆ. ಅಪ್ಪನ ಕಣ್ಣೇ, ಇನ್ನೂ ಎಳೆಯದು. ಸಾಹೇಬರೂ ನೋಡಿದರು.

"ನನ್ನ ಕಣ್ಣಿನ ಮಾತು ಬ್ಯಾಡ ಸಾಹೇಬ್ರ. ಅದು ಹೋಗೇದ" ಎಂದರು ಮಾಸ್ತರರು. "ಅಕಿದು ನನ್ನಂಗ ಆಗಬಾರ್ದು. ಇಳಿಸೋ ದಾರಿ ಯಾವುದರ ಇದ್ರ ಹೇಳ್ರಿ. ಆಪರೇಷನ್ ಮಾಡಿದ್ರ ಹೋಗ್ತದಂತ ಯಾರೋ ಅಂದ್ರು."

"ಹೊರಗಿನ ಮುಲ್ಕಿನಲ್ಲಿ, ವಿಲಾಯ್ತಿ ಕಡೆ ಮಾಡ್ತಾರೆ. ಕಣ್ಣಿನೊಳಗೆ ಹುಟ್ಟಿನಿಂದ ಇರೋ ಗಾಜಿನಂಥದ್ದನ್ನ ತೆಗೆದುಬಿಡ್ತಾರೆ. ಕೆಲವರಿಗೆ ಒಳ್ಳೇದಾಗಿದೆ, ಕೆಲವರಿಗೆ ಪೂರಾ ಕತ್ತಲೆ ಆಗಿದೆ. ಕಾಣೋ ಕಣ್ಣಿಗೆ ನಾನು ಚಾಕು ಹಾಕೋದಿಲ್ಲ, ಮಾಸ್ಟರ್ ಸಾಹೇಬ್."

"ಚಾಕು ಇಲ್ಲದ ದಾರಿ?"

ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತರು. ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದರು. ಆಗಿನ ವೈದ್ಯರಲ್ಲಿ ಬಹಳ ಮಂದಿಯ ನಂಬಿಕೆ ಏನೆಂದರೆ, ನಂಬರಿಗೆ ತಕ್ಕ ಪೂರ್ತಿ ಗಾಜು ಕೊಟ್ಟರೆ ಕಣ್ಣು ಸೋಮಾರಿಯಾಗಿ ನಂಬರು ಬೇಗ ಏರುತ್ತದೆ, ಅದಕ್ಕೇ ಸ್ವಲ್ಪ ಕಡಿಮೆ ಗಾಜು ಕೊಡಬೇಕು. ಓದು, ಹೊಲಿಗೆಯಂಥ ಹತ್ತಿರದ ಕೆಲಸ ಕಡಿಮೆ ಮಾಡಿಸಬೇಕು. ಇದರ ಜೊತೆಗೆ ಪಾಪೆ ಅರಳಿಸುವ ಒಂದು ಔಷಧದ ಹನಿ ಇತ್ತು. ಅದನ್ನು ಹಾಕಿದರೆ ಹತ್ತಿರದ್ದನ್ನು ನೋಡಲು ಒದ್ದಾಡುವ ಕಣ್ಣಿನೊಳಗಿನ ಸ್ನಾಯು ವಿಶ್ರಾಂತಿ ಪಡೆಯುತ್ತದೆ. ಬಿಸಿಲು ಮಾತ್ರ ತಡೆಯಲಾಗುವುದಿಲ್ಲ.

"ಇಷ್ಟೆಲ್ಲ ಮಾಡಿದ್ರ ಇಳಿತದೇನ್ರಿ?"

"ಮಾಲೂಮ್ ನೈ. ಏರೋದು ನಿಧಾನ ಆಗಬಹುದು. ಇಳಿದದ್ದು ನಾನು ನೋಡಿಲ್ಲ."

ಗೌರಮ್ಮ ಅಲ್ಲಿಯವರೆಗೆ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತಿದ್ದರು. ಈಗ ನನ್ನ ಕಡೆ ನೋಡುತ್ತ, ಗಂಡನಿಗೆ ಕೇಳುವಂತೆ ಹೇಳಿದರು: "ರಾಯರ, ಸಾಲಿ ಬಿಡಿಸಿದ್ರ ಮುಗೀತಲ್ರಿ. ಹೆಣ್ಣ ಹುಡುಗಿ. ಓದಿ ಏನ್ ಆಗಬೇಕಾಗೇದ? ಕಣ್ಣ ಉಳಿದ್ರ ಸಾಕು. ಈಗ ಚಷ್ಮಾ ಹಾಕಿಸಿದ್ರ ನಾಳೆ ಯಾರ ಮನಿ ತುಂಬಸ್ಕೋತಾರ ಇಕಿನ್ನ?"

ನೀಲವ್ವ ತಲೆ ತಗ್ಗಿಸಿ ಕುರ್ಚಿಯ ಹಿಡಿ ಕೆರೆಯುತ್ತಿದ್ದಳು. ಅತ್ತರೂ ಸದ್ದು ಬರಲಿಲ್ಲ.

"ಅದೊಂದು ಬ್ಯಾಡ" ಎಂದರು ಮಾಸ್ತರರು. "ಉಳಿದದ್ದು ಏನ್ ಹೇಳ್ತೀರಿ ಎಲ್ಲಾ ಮಾಡ್ತೇನಿ. ಆದ್ರ ಆ ಹನಿ ಮೊದಲ ನನಗ ಹಾಕ್ರಿ. ಹ್ಯಾಂಗ ಆಗ್ತದ ನೋಡ್ತೇನಿ. ಆಮ್ಯಾಲ ಅಕಿಗೆ."

ಸಾಹೇಬರು ಅವರಿಗೆ ಒಂದು ಸಣ್ಣ ಶೀಶೆ ಕೊಡಿಸಿದರು.

ಆ ಹನಿ ಹಾಕಿಕೊಂಡು ಮಾಸ್ತರರು ಪಾಠ ಮಾಡಿದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಬಿಸಿಲು ತಡೆಯದೆ ತಲೆಯ ಮೇಲೆ ಟವೆಲ್ ಇಳಿಬಿಟ್ಟುಕೊಂಡು ಬೇವಿನ ನೆರಳಲ್ಲಿ ಕೂರುತ್ತಿದ್ದರಂತೆ. ಚಷ್ಮಾ ಹಾಕಿಕೊಂಡರೆ ಪಾಟಿಯ ಮೇಲಿನ ಅಕ್ಷರ ಕಲಸಿಹೋಗುತ್ತಿತ್ತು. ತೆಗೆದು ಮೂಗಿಗೆ ಹಿಡಿದು ನೋಡಬೇಕಾಗಿತ್ತು. ಪಾಪೆ ಮೊದಲಿನಂತಾದ ಮೇಲೆ ಮತ್ತೆ ಬಂದು, "ತ್ರಾಸ ಅದ, ಆದ್ರ ಜೀವಕ್ಕೇನೂ ಆಗಂಗಿಲ್ಲ. ಅಕಿಗೆ ಹಾಕೋಣ್ರಿ" ಎಂದರು.

ಹೀಗೆ ನೀಲವ್ವನಿಗೆ ಕಡಿಮೆ ಗಾಜಿನ ಚಷ್ಮಾ ಬಂತು, ಹನಿಯೂ ಸುರುವಾಯಿತು. ಬೇರೆ ಮಕ್ಕಳು ಅಣಕಿಸುತ್ತಿದ್ದರು. ಬಿಸಿಲಲ್ಲಿ ಅವಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಗೌರಮ್ಮ ಒಂದು ಕುಂಚಿಗೆ ಹೊಲಿದು, ಹಣೆಯ ಮುಂದೆ ಚಾಚುವಂತೆ ದಪ್ಪ ಬಟ್ಟೆಯ ಪಟ್ಟಿ ಹಚ್ಚಿ, ಅದನ್ನು ಕಟ್ಟಿ ಸಾಲಿಗೆ ಕಳಿಸುತ್ತಿದ್ದರು. ಸಾಲಿ ಬಿಡಿಸಬೇಕೆಂದಿದ್ದವರು ಅವರೇ. ತ್ರಿಫಲದ ನೀರಿನಲ್ಲಿ ಕಣ್ಣು ತೊಳೆಯುವುದನ್ನೂ ಅವರು ಬಿಡಲಿಲ್ಲ. ಸಾಹೇಬರನ್ನು ಕೇಳಿದಾಗ, "ನೀರು ಕುದಿಸಿ, ಸೋಸಿ ಹಾಕಲಿ. ತಾಯಿಗೆ ಸಮಾಧಾನ ಆಗ್ತದೆ" ಎಂದರು. ಓದು ಕಡಿಮೆ ಮಾಡಲು ಮಾಸ್ತರರೇ ಒಂದು ಉಪಾಯ ಮಾಡಿದರು. ಮಗಳಿಗೆ ಲೆಕ್ಕವನ್ನೂ ಪದ್ಯವನ್ನೂ ಬಾಯಲ್ಲೇ ಕಲಿಸುತ್ತ ಸಂಜೆ ತೋಟದ ಉದ್ದಕ್ಕೂ ಅಡ್ಡಾಡಿಸುತ್ತಿದ್ದರು.

ಮುಂದಿನ ವರ್ಷ ನೋಡಿದಾಗ ನಂಬರು ಸ್ವಲ್ಪವೇ ಏರಿತ್ತು. ಸಾಹೇಬರು ಪರವಾಗಿಲ್ಲ ಎಂದರು. ಮಾಸ್ತರರಿಗೆ ಅದು ಸಾಲಲಿಲ್ಲ. ಅವರು ಕೇಳಿದ್ದು ಇಳಿಸುವ ದಾರಿ.

ಅದೇ ದಿನಗಳಲ್ಲಿ ಕಲಬುರಗಿಗೆ ಒಬ್ಬ ಮನುಷ್ಯ ಬಂದ. ಎಲ್ಲಿಯವನೋ ತಿಳಿಯದು. ಮರಾಠಿ ಚೆನ್ನಾಗಿ ಆಡುತ್ತಿದ್ದ. ಸಂಜೆ ಜನ ಸೇರುವಲ್ಲಿ ನಿಂತು, ಚಷ್ಮಾ ಎನ್ನುವುದು ಕಣ್ಣಿಗೆ ಕಟ್ಟಿದ ಬೇಡಿ, ಅದನ್ನು ಎಸೆದು ಕಣ್ಣಿಗೆ ವ್ಯಾಯಾಮ ಕೊಟ್ಟರೆ ದೃಷ್ಟಿ ತಾನೇ ಬರುತ್ತದೆ ಎಂದು ಉಪನ್ಯಾಸ ಮಾಡುತ್ತಿದ್ದ. ಗುಡಿಗೆ ಬಂದಿದ್ದ ಮಾಸ್ತರರು ಅದನ್ನು ಕೇಳಿದರು. ಕಣ್ಣು ಹೊರಳಿಸುವುದು, ಅಂಗೈಯಿಂದ ಮುಚ್ಚಿ ಕೂರುವುದು, ದೂರದ ಗಿಡವನ್ನು ದಿಟ್ಟಿಸುವುದು, ಎಲ್ಲ ಕಲಿತುಕೊಂಡರು.

ಒಂದೆರಡು ತಿಂಗಳ ಮೇಲೆ ಚಷ್ಮಾ ಇಲ್ಲದೆ ನನ್ನ ಕೋಣೆಗೆ ಬಂದರು. ಮುಖದಲ್ಲಿ ಹೊಸ ಕಳೆ ಇತ್ತು.

"ರಾಯರ, ನಿಮ್ಮ ಹಲಗಿ ತೋರಸ್ರಿ. ನಾ ಓದ್ತೇನಿ."

ಓದಿದರು. ಚಷ್ಮಾ ಇಲ್ಲದೆ ಮೊದಲು ಮೇಲಿನ ಸಾಲೂ ಕಾಣದಿದ್ದವರು ಮೂರು ಸಾಲು ಕೆಳಗಿಳಿದರು. ನನಗೆ ಆಶ್ಚರ್ಯವಾಯಿತು. ಆದರೆ ಅಷ್ಟು ವರ್ಷ ಚಷ್ಮಾ ಹಾಕಿಕೊಂಡು ಅದೇ ಉರ್ದು ಹಲಗೆ ಓದಿದವರು ಅವರು, ಅಕ್ಷರ ಬಾಯಿಪಾಠವಾಗಿದ್ದವು. ನಾನು ಪಂಜದ ಗುರುತಿನ ಹಲಗೆ ತೂಗುಹಾಕಿದೆ. ಒಂದನ್ನೂ ಸರಿಯಾಗಿ ತೋರಿಸಲಾಗಲಿಲ್ಲ. ಕನ್ನಡಿ ಹಿಡಿದು ನೋಡಿದರೆ ನಂಬರು ಇದ್ದಲ್ಲೇ ಇತ್ತು.

"ಮಾಸ್ತರ, ಮಸುಕಿಗೆ ನಿಮ್ಮ ಕಣ್ಣು ಹೊಂದಿಕೊಂಡದ. ಊಹಾ ಮಾಡೋದು ಚಲೋ ಕಲ್ತೀರಿ. ಕಣ್ಣು ಬದಲಾಗಿಲ್ಲ."

"ಇನ್ನೂ ವ್ಯಾಳ್ಯಾ ಬೇಕಾಗ್ತದಂತ ಅಂವ ಹೇಳ್ಯಾನ" ಎಂದರು. ದನಿ ಬಿಗಿಯಾಗಿತ್ತು. "ನೀವು ಗಾಜ ಹಚ್ಚೋರು. ನಿಮಗ ಇದು ಹಿಡಿಸಂಗಿಲ್ಲ."

ಆ ಮಾತಿನಿಂದ ನನಗೆ ನೋವಾಯಿತು. ಕೋಪ ಬರಲಿಲ್ಲ. ಹೋಗುವಾಗ, ಮಗಳಿಗೂ ಇದನ್ನು ಮಾಡಿಸುತ್ತೀರಾ ಎಂದು ಕೇಳಿದೆ. "ನನ್ನದು ಪೂರಾ ಆಗಲಿ, ಆಮ್ಯಾಲ" ಎಂದರು. ಆ ವ್ಯಾಯಾಮದ ಕೊನೆಯ ಪಾಠ ಇನ್ನೂ ಉಳಿದಿದೆ ಎಂದು ಅವರು ಹೇಳಲಿಲ್ಲ. ಅದು ಏನೆಂದು ಕೇಳಬೇಕೆಂದು ನನಗೆ ತಿಳಿಯಲೂ ಇಲ್ಲ.

ಆ ಕೊನೆಯ ಪಾಠ ಸೂರ್ಯನನ್ನು ನೋಡುವುದು. ಮೊದಲು ಹುಟ್ಟುವ ಸೂರ್ಯ, ದಿನ ಕಳೆದಂತೆ ಸ್ವಲ್ಪ ಏರಿದ ಸೂರ್ಯ, ರೆಪ್ಪೆ ಬಡಿಯದೆ. ಮಾಸ್ತರರು ತೋಟದ ಬದುವಿನ ಮೇಲೆ ನಿಂತು ಅದನ್ನು ಶ್ರದ್ಧೆಯಿಂದ ಮಾಡಿದರು. ಒಂದು ದಿನ ಎಂದಿಗಿಂತ ಹೆಚ್ಚು ಹೊತ್ತು ನೋಡಿ ತಿರುಗಿದಾಗ, ಎಲ್ಲಿ ನೋಡಿದರೂ ನಟ್ಟನಡುವೆ ಕಪ್ಪು ಚುಕ್ಕೆ. ಸಂಜೆಗೆ ಹೋದೀತು ಎಂದುಕೊಂಡರು. ಮರುದಿನವೂ ಇತ್ತು. ಮೂರನೆಯ ದಿನ ಒಬ್ಬರೇ ಕಲಬುರಗಿಗೆ ಬಂದರು.

ಸಾಹೇಬರು ಬಹಳ ಹೊತ್ತು ಕಣ್ಣಿನೊಳಗೆ ನೋಡಿದರು. ಆಮೇಲೆ ಕನ್ನಡಿ ನನ್ನ ಕೈಗೆ ಕೊಟ್ಟು ನನಗೂ ನೋಡಲು ಹೇಳಿದರು. ಎರಡೂ ಕಣ್ಣಲ್ಲಿ, ದೃಷ್ಟಿ ನಾಟುವ ಜಾಗದಲ್ಲಿ ಸುಟ್ಟ ಗುರುತು ಇತ್ತು. ಬಲಗಣ್ಣಲ್ಲಿ ಹೆಚ್ಚು, ಎಡಗಣ್ಣಲ್ಲಿ ಕಡಿಮೆ.

ನಾನು ಹಲಗೆ ತೋರಿಸಿ ಏನು ಕಾಣುತ್ತದೆ ಎಂದು ಕೇಳಿದೆ.

"ಅಕ್ಷರ ಕಾಣವಲ್ದು. ಅದರ ಸುತ್ತ ಎಲ್ಲಾ ಕಾಣ್ತದ" ಎಂದರು.

"ವಾಸಿ ಆಗ್ತದೇನ್ರಿ ಸಾಹೇಬ್ರ?" ಎಂದು ಅವರೇ ಕೇಳಿದರು.

"ಎಡಗಣ್ಣು ಸ್ವಲ್ಪ ಸುಧಾರಿಸಬಹುದು. ಬಲಗಣ್ಣು ಮಾಲೂಮ್ ನೈ."

ಮಾಸ್ತರರು ತಲೆಯಾಡಿಸಿದರು. "ಮುಂದಿನ ತಿಂಗಳ ಅಕಿಗೂ ಸುರು ಮಾಡಸಾಂವ ಇದ್ದೆ" ಎಂದರು. ಆಮೇಲೆ ನನ್ನ ಕೈ ಹಿಡಿದು, "ಮನ್ಯಾಗ ಹೇಳಬ್ಯಾಡ್ರಿ ರಾಯರ. ಅಕಿ ತಾಯಿ ತಡಕೊಳ್ಳಂಗಿಲ್ಲ" ಎಂದರು. ಆ ಉಪನ್ಯಾಸಕನನ್ನು ನಾನು ಊರಲ್ಲೆಲ್ಲ ಹುಡುಕಿದೆ. ಅವನು ಅಷ್ಟರಲ್ಲಿ ಊರು ಬಿಟ್ಟಿದ್ದ.

ಕೆಲವು ತಿಂಗಳು ಕಳೆದವು. ಎಡಗಣ್ಣಿನ ಚುಕ್ಕೆ ಕಿರಿದಾಯಿತು, ಪೂರ್ತಿ ಹೋಗಲಿಲ್ಲ. ಬಲಗಣ್ಣು ಹಾಗೇ ಉಳಿಯಿತು. ನಡುವೆ ಕಾಣದ್ದರಿಂದ, ನೋಡಬೇಕಾದ್ದರ ಪಕ್ಕಕ್ಕೆ ದೃಷ್ಟಿ ಹೊರಳಿಸಿ ಅಂಚಿನಿಂದ ನೋಡುವುದನ್ನು ಅವರೇ ಕಂಡುಕೊಂಡರು. ಸಾಲಿಯಲ್ಲಿ ಬಾಯಿಪಾಠ ಹೆಚ್ಚು ಮಾಡಿದರು. ಮನೆಯಲ್ಲಿ, ಕಣ್ಣು ಬೇಗ ದಣಿಯುತ್ತದೆ ಎಂದು ಹೇಳಿ ಓದಿಸುವ ಕೆಲಸವನ್ನು ಮಗಳಿಗೆ ವಹಿಸಿದರು.

ಸಾಹೇಬರು ಒಳಗೊಳಗೇ ಬಹಳ ವಿಚಾರ ಮಾಡಿರಬೇಕು. ಒಂದು ದಿನ ನನ್ನನ್ನು ಕರೆದು, ಆ ಹುಡುಗಿಗೆ ಇನ್ನು ಪೂರ್ತಿ ಗಾಜು ಕೊಡೋಣ ಎಂದರು. ಕಡಿಮೆ ಗಾಜು ಕೊಟ್ಟು ಅವಳನ್ನು ಮಸುಕಿನಲ್ಲಿ ಇಟ್ಟಿದ್ದೇವೆ, ಅದರಿಂದ ಲಾಭವಾಗಿದೆ ಎಂದು ಹೇಳಲು ನನ್ನ ಹತ್ತಿರ ಏನೂ ಆಧಾರವಿಲ್ಲ, ಇವತ್ತು ಸರಿಯಾಗಿ ಕಂಡರೆ ಅದಾದರೂ ಖರೆ ಎಂದರು. ಹನಿಯನ್ನೂ ಬಿಡಿಸಿದರು. ಅಲ್ಲಿಂದ ಮುಂದೆ ನಮ್ಮಲ್ಲಿ ಮಕ್ಕಳಿಗೆಲ್ಲ ಪೂರ್ತಿ ಗಾಜು ಕೊಡುವ ಪದ್ಧತಿ ಬಂತು.

ಪೂರ್ತಿ ಗಾಜು ಹಾಕಿ ನೋಡುವ ದಿನ ಮೂವರೂ ಬಂದಿದ್ದರು. ಮಾಸ್ತರರು ಹಲಗೆಯ ಕೆಳಗೆ, ಗೋಡೆಗೆ ಹಚ್ಚಿದ ಬಾಕಿನ ಮೇಲೆ ಕುಳಿತರು. ಗೌರಮ್ಮ ಬಾಗಿಲಲ್ಲಿ ನಿಂತರು. ನಾನು ನೀಲವ್ವನಿಗೆ ಚೌಕಟ್ಟು ಹಾಕಿ ಗಾಜು ಬದಲಾಯಿಸುತ್ತ ಹೋದೆ. ಹಲಗೆಯ ಕೊನೆಯ ಸಾಲಿನವರೆಗೆ ಅವಳು ತಡೆಯದೆ ತೋರಿಸಿದಳು. ಆಮೇಲೆ ಅವಳ ದೃಷ್ಟಿ ಹಲಗೆಯಿಂದ ಕೆಳಗಿಳಿದು ಅಪ್ಪನ ಮೇಲೆ ನಿಂತಿತು. ಅಷ್ಟು ದೂರದಿಂದ ಅವಳು ಅಪ್ಪನ ಮುಖ ನಿಚ್ಚಳವಾಗಿ ನೋಡಿದ್ದು ಅದೇ ಮೊದಲಿರಬೇಕು.

"ಅಪ್ಪಾ, ನೀ ಯಾಕ ನನ್ನ ನೋಡವಲ್ಲಿ?"

"ನಿನ್ನೇ ನೋಡಾಕತ್ತೀನವ್ವ."

"ಇಲ್ಲ. ನೀ ಅಲ್ಲೆ ಗ್ವಾಡಿ ನೋಡಾಕತ್ತೀದಿ."

ನಾನು ಗಾಜಿನ ಪೆಟ್ಟಿಗೆಯ ಕಡೆ ಬಗ್ಗಿದೆ. ನೀಲವ್ವ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು, ಅಪ್ಪನ ಎದುರು ಹೋಗಿ ನಿಂತಳು. ಅತ್ತ ಸರಿದಳು, ಇತ್ತ ಸರಿದಳು. ಅವಳು ಎಲ್ಲಿ ನಿಂತರೂ ಅಪ್ಪನ ದೃಷ್ಟಿ ಅವಳ ಪಕ್ಕಕ್ಕೇ ಬೀಳುತ್ತಿತ್ತು.

"ಅವ್ವಾ" ಎಂದು ಬಾಗಿಲ ಕಡೆ ತಿರುಗಿ ಕರೆದಳು. "ಅಪ್ಪನ ಕಣ್ಣಿಗೆ ಏನೋ ಆಗ್ಯದ."

ಮಾಸ್ತರರು ಅವಳನ್ನು ಎಳೆದು ಹತ್ತಿರ ಕೂರಿಸಿಕೊಂಡರು. "ನಿನ್ನ ನೋಡಬೇಕಂದ್ರ ನಾ ಇನ್ನ ಹೀಂಗೇ ನೋಡಬೇಕವ್ವ" ಎಂದರು. ಆಮೇಲೆ ಹೆಂಡತಿಗೆ ಎಲ್ಲವನ್ನೂ ಅಲ್ಲೇ ಹೇಳಿದರು. ಗೌರಮ್ಮ ಗೋಡೆಗೆ ಒರಗಿ ಕೇಳಿದರು. ಬೈಯಲಿಲ್ಲ, ಅಳಲೂ ಇಲ್ಲ. ಕೇಳಿ ಮುಗಿದ ಮೇಲೆ ನನ್ನ ಹತ್ತಿರ ಬಂದು, "ರಾಯರ, ಇಕಿ ಚಷ್ಮಾ ಜಲ್ದಿ ಮಾಡಿಸಿ ಕೊಡ್ರಿ. ಮನ್ಯಾಗ ಒಬ್ಬರಿಗರ ಕಾಣಬೇಕು" ಎಂದರು. ಹೆಣ್ಣುಮಗಳಿಗೆ ಚಷ್ಮಾ ಬೇಡವೆಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ನೀಲವ್ವನ ನಂಬರು ಮುಂದೆಯೂ ಸ್ವಲ್ಪ ಸ್ವಲ್ಪ ಏರಿತು. ಪ್ರಾಯಕ್ಕೆ ಬರುವ ಹೊತ್ತಿಗೆ ನಿಂತಿತು. ಅಪ್ಪನದರ ಅರ್ಧಕ್ಕಿಂತ ಕಡಿಮೆ. ಚಷ್ಮಾ ಹಾಕಿದವಳೆಂದು ಒಂದೆರಡು ಕಡೆ ಸಂಬಂಧ ತಪ್ಪಿತು. ಕೊನೆಗೆ ಅದೇ ಊರಿನವನೊಬ್ಬ ಒಪ್ಪಿ ಮಾಡಿಕೊಂಡ. ಮದುವೆಯ ನಂತರವೂ ಅವಳು ಸಾಲಿಗೆ ಬರುವುದನ್ನು ಬಿಡಲಿಲ್ಲ. ಹಲಗೆಯ ಮೇಲೆ ಅವಳು ಬರೆದರೆ ಮಾಸ್ತರರು ವಿವರಿಸುತ್ತಿದ್ದರು.

ಈ ಕೆಲಸಕ್ಕೆ ಬರುವ ನಿಮಗೆ ನಾನು ಹೇಳುವುದು ಇಷ್ಟು. ನಂಬರು ಇಳಿಸುತ್ತೇನೆ ಎಂದು ಹೇಳುವವರು ನಿಮ್ಮ ಕಾಲದಲ್ಲೂ ಇರುತ್ತಾರೆ. ಅವರ ಹತ್ತಿರ ಹೋಗಿ ಬಂದವರನ್ನು ಹಂಗಿಸಬೇಡಿ, ಹಂಗಿಸಿದರೆ ಅವರು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ಏನೇನು ಮಾಡುತ್ತಿದ್ದಾರೆ ಎಂದು ಪೂರ್ತಿ ಕೇಳಿ. ಕೇಡಿಲ್ಲದ್ದನ್ನು ಬಿಡಿ, ಕೇಡಿದ್ದನ್ನು ಕೈ ಹಿಡಿದು ನಿಲ್ಲಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಆ ಮಾತು ಬಾಯಿಂದ ಬರಲು ನನಗೆ ಬಹಳ ವರ್ಷ ಬೇಕಾಯಿತು.

ನಿವೃತ್ತಿಗೆ ಸ್ವಲ್ಪ ಮೊದಲು ಮಕ್ಕಳ ಕಣ್ಣು ನೋಡಲು ಕಮಲಾಪುರಕ್ಕೆ ಹೋಗಿದ್ದೆ. ಸಾಲಿಯ ಪಡಸಾಲೆಯಲ್ಲಿ ಮಾಸ್ತರರು ಕುಳಿತಿದ್ದರು. ವಯಸ್ಸಾಗಿತ್ತು. ಒಳಗೆ ನೀಲವ್ವ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಳು. ನನ್ನ ಕೆಲಸ ಮುಗಿದ ಮೇಲೆ ಮಾಸ್ತರರು ಕೆಂಪು ಬಾಳೆಹಣ್ಣು ಸುಲಿದು ಕೊಟ್ಟು, ಹತ್ತಿರ ಕೂರಿಸಿಕೊಂಡು ಕೇಳಿದರು.

"ರಾಯರ, ಸಾಹೇಬ್ರು ಈಗ ಇಲ್ಲ. ನೀವರ ಹೇಳ್ರಿ. ಅಕಿದು ನಿಂತದ್ದು ಯಾವುದರಿಂದ? ಹನಿಯಿಂದೋ, ತ್ರಿಫಲದಿಂದೋ, ತ್ವಾಟದಾಗ ಅಡ್ಡಾಡಿಸಿದ್ದರಿಂದೋ?"

ಯಾವುದಾದರೂ ಒಂದರ ಹೆಸರು ಹೇಳಿದ್ದರೆ ಅವರಿಗೆ ಸಂತೋಷವಾಗುತ್ತಿತ್ತು.

"ಗೊತ್ತಿಲ್ಲ ಮಾಸ್ತರ" ಎಂದೆ. "ಏನೂ ಮಾಡದಿದ್ರೂ ಅಲ್ಲೇ ನಿಲ್ತಿತ್ತೋ ಏನೋ. ಅಂಥದೇ ಕಣ್ಣಿನ ಇನ್ನೊಂದು ಹುಡುಗಿ ಇದ್ದು, ಅಕಿಗೆ ಏನೂ ಮಾಡದೆ ಬಿಟ್ಟಿದ್ರ ಹೋಲಿಸಿ ಹೇಳಬಹುದಿತ್ತು. ನಿಮಗ ಇದ್ದಾಕಿ ಒಬ್ಬಾಕಿ."

ಮಾಸ್ತರರು ಒಳಗಿನಿಂದ ಬರುತ್ತಿದ್ದ ಮಗಳ ದನಿಯ ಕಡೆ ತಿರುಗಿದರು.

"ಒಬ್ಬಾಕೀನೇ ಇದ್ಲು" ಎಂದರು. "ಅದಕ್ಕೇ ಎಲ್ಲಾ ಮಾಡಿದ್ವಿ."